ಟ್ರಯಲ್ಸ್ ಬೈಕ್ ಹುಡುಕಲು ಹೋಗಿ ಸ್ಪ್ಲೆಂಡರ್ ತಂದ ಕಥೆ

ನನ್ನ ಆರ್‌ಎಕ್ಸ್ 100 ಮಾರಿದ್ದು 2004ರಲ್ಲಿ. ಆಮೇಲೆ ಮದುವೆ, ತೋಟ, ಮಕ್ಕಳ ಶಾಲೆ ಅಂತ ಇಪ್ಪತ್ತು ವರ್ಷ ಬೈಕ್ ಮುಟ್ಟಲಿಲ್ಲ, ಜೀಪೇ ಗತಿ. ಒಂದು ದಿನ ಆಲ್ದೂರಿನ ನಮ್ಮ ಮನೆಯಲ್ಲಿ ಮಗ ಫೋನಿನಲ್ಲಿ ಟ್ರಯಲ್ಸ್ ವಿಡಿಯೊ ತೋರಿಸಿದ. ಸೀಟೇ ಇಲ್ಲದ ಬೈಕು, ನಿಂತುಕೊಂಡೇ ಬಂಡೆ ಹತ್ತಿಸುತ್ತಾರೆ. ಕಾಲು ಒಂದು ಸಲ ನೆಲಕ್ಕೆ ತಾಗಿದರೆ ಒಂದು ಅಂಕ ದಂಡ, ಬಿದ್ದರೆ ಐದು, ಕಡಿಮೆ ಅಂಕದವನು ಗೆದ್ದ. ನಡೆಯುವ ವೇಗದಲ್ಲಿ ಬಿದ್ದರೆ ಮೂಳೆಗೂ ಅಷ್ಟು ಅಪಾಯ ಇಲ್ಲ, ಅಲ್ವಾ? 48ರ ವಯಸ್ಸಿಗೆ ಇದೇ ಸರಿ ಅನ್ನಿಸಿತು.

ನನಗೆ ಸಿಗುವುದು ಭಾನುವಾರ ಬೆಳಿಗ್ಗೆ ಎರಡು ಗಂಟೆ. ಅದರಲ್ಲಿ ಒಂದೂವರೆ ಗಂಟೆ ಸ್ಪ್ಯಾನರ್ ಹಿಡಿದು ಕೂರಲು ನಾನು ತಯಾರಿರಲಿಲ್ಲ.

ಮೊದಲು ಆಸೆ ಹೋಗಿದ್ದು ಅಸಲಿ ಬೈಕುಗಳ ಮೇಲೆ. ಬೀಟಾ, ಶೆರ್ಕೊ ಕಂಪನಿಗಳ ಟೂ ಸ್ಟ್ರೋಕ್ ಟ್ರಯಲ್ಸ್ ಬೈಕುಗಳು. ತೂಕ 70 ಕೆಜಿ ಆಸುಪಾಸು, ಅಂದರೆ ಒಂದೂವರೆ ಮೂಟೆ ಕಾಫಿ. ಟೂ ಸ್ಟ್ರೋಕ್ ಅಂದರೆ ಪದೇ ಪದೇ ಪಿಸ್ಟನ್ ಬದಲಿಸಬೇಕು ಅಂತ ಹೆದರಿಸುವವರಿದ್ದಾರೆ, ಆದರೆ ಆ ಮಾತು ಮಣ್ಣಿನ ಹಾದಿಯಲ್ಲಿ ರೇಸ್ ಓಡುವ ಮೋಟೋಕ್ರಾಸ್ ಬೈಕಿಗೆ ಸರಿ. ಟ್ರಯಲ್ಸ್‌ನಲ್ಲಿ ಇಂಜಿನ್ ಕಿರುಚುವುದೇ ಅಪರೂಪ. ಏರ್ ಫಿಲ್ಟರ್ ತೊಳೆದು, ಗೇರ್ ಆಯಿಲ್ ಬದಲಿಸುತ್ತಿದ್ದರೆ ವರ್ಷಗಟ್ಟಲೆ ಓಡುತ್ತದೆ, ಟ್ಯಾಪೆಟ್ (ಇಂಜಿನ್ ವಾಲ್ವಿನ ಸಂದು) ಹೊಂದಿಸುವ ತಲೆನೋವೂ ಇಲ್ಲ. ಸ್ಪೇನ್‌ನಲ್ಲಿ ಹುಟ್ಟಿದ್ದರೆ ಕಣ್ಣುಮುಚ್ಚಿ ಅದನ್ನೇ ತರುತ್ತಿದ್ದೆ. ನಮ್ಮೂರಿನ ಮೆಕ್ಯಾನಿಕ್ ಹತ್ತಿರ ಕೇಳಿದೆ. "ತರ್ಸಿ ಸಾರ್, ನೋಡೋಣ. ಆದ್ರೆ ಕ್ಲಚ್ ಪ್ಲೇಟ್ ಬರೋಷ್ಟೊತ್ತಿಗೆ ಇನ್ನೊಂದು ಕೊಯ್ಲು ಬಂದಿರತ್ತೆ" ಅಂದರು. ಅಲ್ಲಿಗೆ ಆ ಆಸೆ ಮುಗಿಯಿತು. ಆರ್‌ಎಕ್ಸ್ 100 ಮತ್ತೆ ಕೊಳ್ಳೋಣ ಅಂದರೆ, 1996ರಲ್ಲಿ ನಿಂತುಹೋದ ಬೈಕಿಗೆ ಈಗ ಕೇಳುವ ರೇಟ್ ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆಮೇಲೆ ಗೆಳೆಯನ ಎಕ್ಸ್‌ಪಲ್ಸ್ 200 4ವಿ ಓಡಿಸಿ ನೋಡಿದೆ. ಒಳ್ಳೆಯ ಬೈಕು, ಅದರಲ್ಲಿ ಎರಡು ಮಾತಿಲ್ಲ. ಮುಂದೆ 21 ಇಂಚಿನ ಚಕ್ರ, ನೆಲದಿಂದ 220 ಮಿ.ಮೀ. ಎತ್ತರ. ಆದರೆ ತೂಕ 158 ಕೆಜಿ. ಸಿಲ್ವರ್ ಮರದ ಬೇರು ದಾಟುವಾಗ ಜಾರಿ ಕೆಳಗಿನ ಇಳಿಜಾರಿಗೆ ಮಲಗಿತು. ಕೆಸರಿನಲ್ಲಿ ಕಾಲೂರಿ ಎತ್ತಲು ನೋಡಿದೆ, ಬೈಕ್ ಅಲುಗಲಿಲ್ಲ, ನಾನೇ ಜಾರಿದೆ. ತೋಟದ ಇಬ್ಬರು ಬರುವವರೆಗೆ ಸುಮ್ನೆ ಕೂತೆ, ಅಷ್ಟರಲ್ಲಿ ಎರಡು ಇಂಬಳ ಕಾಲ್ಚೀಲದೊಳಗೆ ಸೇರಿದ್ದವು. ಒಬ್ಬನೇ ಎತ್ತಲಾಗದ ಬೈಕ್ ಬೇಡ ಅಂತ ತೀರ್ಮಾನಿಸಿದ್ದು ಅಲ್ಲೇ.

ಹಾಗೆ ಉಳಿದಿದ್ದು ತೋಟದ ಲೆಕ್ಕ ಬರೆಯುವ ನಮ್ಮ ರೈಟರ್ ಓಡಿಸಿ ಬಿಟ್ಟಿದ್ದ ಹಳೆಯ ಸ್ಪ್ಲೆಂಡರ್. ನಗಬೇಡಿ. 97.2 ಸಿಸಿ, ನಾಲ್ಕು ಗೇರ್, ತೂಕ 110 ಕೆಜಿ ಸುತ್ತಮುತ್ತ. ಕೇಬಲ್, ಬ್ರೇಕ್ ಶೂ, ಕ್ಲಚ್ ಪ್ಲೇಟ್ ಎಲ್ಲ ಆಲ್ದೂರಲ್ಲೇ ಸಿಗುತ್ತದೆ. ಸೀರೆ ಗಾರ್ಡ್, ಇಂಡಿಕೇಟರ್, ಹಿಂಬದಿ ಕ್ಯಾರಿಯರ್ ಬಿಚ್ಚಿದೆ. ನಿಂತು ಓಡಿಸಲು ಎತ್ತರದ ಹ್ಯಾಂಡಲ್ ಹಾಕಿಸಿದೆ. ಗೇರ್ ಲಿವರ್‌ನ ಹಿಮ್ಮಡಿ ಕಡೆಯ ತುಂಡು ನಿಂತಾಗ ಬೂಟಿಗೆ ಸಿಕ್ಕಿಕೊಳ್ಳುತ್ತಿತ್ತು, ಕತ್ತರಿಸಿ ತೆಗೆಸಿದೆ. ಚೈನ್ ತಿರುಗಿಸುವ ಮುಂದಿನ ಹಲ್ಲುಚಕ್ರದಲ್ಲಿ (ಸ್ಪ್ರಾಕೆಟ್) ಒಂದು ಹಲ್ಲು ಕಡಿಮೆ ಮಾಡಿದ್ದು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ಒಳ್ಳೆಯ ಬದಲಾವಣೆ. ಹಿಂದೆ ಮೂರು ಹಲ್ಲು ಹೆಚ್ಚಿಸಿದಷ್ಟೇ ಪರಿಣಾಮ, ಮೊದಲ ಗೇರ್‌ನಲ್ಲಿ ಈಗ ಎತ್ತಿನ ಗಾಡಿಯ ಹಾಗೆ ಹೋಗುತ್ತದೆ. ಒಂದು ಮಾತು: ಹೀಗೆ ಬದಲಾಯಿಸಿದ ಬೈಕನ್ನು ರಸ್ತೆಗೆ ಇಳಿಸುವ ಹಾಗಿಲ್ಲ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ. ನನ್ನದು ತೋಟದ ಗೇಟು ದಾಟುವುದಿಲ್ಲ.

ತಪ್ಪು ಮಾಡಿದ್ದು ಟೈರ್ ಗಾಳಿಯಲ್ಲಿ. ಅಸಲಿ ಟ್ರಯಲ್ಸ್ ಬೈಕಿನ ಹಿಂದಿನ ಟೈರಿಗೆ 4-5 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಸಾಕಂತೆ ಅಂತ ನಾನೂ 8ಕ್ಕೆ ಇಳಿಸಿದೆ. ಅವರದು ಟ್ಯೂಬ್‌ಲೆಸ್, ನನ್ನದು ಟ್ಯೂಬ್ ಅನ್ನುವುದು ತಲೆಗೇ ಹೋಗಲಿಲ್ಲ. ಕಲ್ಲಿನ ಮೇಲೆ ಚಕ್ರ ಹಿಡಿತ ಸಿಕ್ಕಿ ಎಳೆದಾಗ ಟೈರ್ ರಿಮ್ ಮೇಲೆ ಜಾರಿತು, ಟ್ಯೂಬನ್ನೂ ಜೊತೆಗೆ ಎಳೆದುಕೊಂಡಿತು. ವಾಲ್ವ್ ಮೊದಲು ಓರೆಯಾಯಿತು, ಮುಂದಿನ ಸುತ್ತಿನಲ್ಲಿ ಬುಡದಿಂದಲೇ ಕಿತ್ತು ಬಂತು. ಈಗ 15ರ ಕೆಳಗೆ ಇಳಿಸುವುದಿಲ್ಲ. ವಾಲ್ವ್ ನೆಟ್ಟಗಿದೆಯಾ ಅಂತ ಹೊರಡುವ ಮೊದಲು ಬಗ್ಗಿ ನೋಡುವುದು ಚಾಳಿಯೇ ಆಗಿದೆ.

ಕೆಲಸ ಅಂದರೆ ಇಷ್ಟೇ: ಓಡಿಸಿದ ಮೇಲೆ ಚೈನ್ ಒರೆಸಿ ಎಣ್ಣೆ, ತಿಂಗಳಿಗೊಮ್ಮೆ ಫಿಲ್ಟರ್, ಮಳೆಗಾಲ ಮುಗಿದ ಕೂಡಲೇ ಆಯಿಲ್. ಹಳ್ಳ ದಾಟಿದರೆ ಡ್ರಮ್ ಬ್ರೇಕ್ ಒಣಗುವವರೆಗೆ ಹಿಡಿಯುವುದಿಲ್ಲ, ಅದು ನಿಜವಾದ ಕೊರತೆ. ಸಸ್ಪೆನ್ಷನ್ ಬಗ್ಗೆ ಕೇಳಲೇ ಬೇಡಿ.

ಕಾಫಿ ಒಣಗಿಸುವ ಕಣಕ್ಕೆ ಹತ್ತುವ ಮೂರು ಮೆಟ್ಟಿಲು ನನ್ನ ಸೆಕ್ಷನ್, ಅಂದರೆ ಟ್ರಯಲ್ಸ್‌ನಲ್ಲಿ ಅಂಕ ಎಣಿಸುವ ಅಡೆತಡೆಯ ಜಾಗ. ಮಗ ಅಂಕ ಬರೆಯುತ್ತಾನೆ. ಹೋದ ಭಾನುವಾರ ಎರಡನೇ ಮೆಟ್ಟಿಲಲ್ಲಿ ಎಡಗಾಲು ಇಳಿಯಿತು. "ಬರೀ ತಾಗ್ತು ಕಣೋ" ಅಂದೆ. "ಅಪ್ಪಾ, ಬೂಟಿನ ಗುರುತೇ ಇದೆ" ಅಂದ.