ಮಡಿಕೇರಿ ಮಳೆಯಲ್ಲಿ ಗಿಟಾರ್ ರಿಪೇರಿ ಅಂಗಡಿ ನಡೆಸುವುದು ಹೇಗೆ

ಕೊಡಗಿನಲ್ಲಿ ಗಿಟಾರ್ ರಿಪೇರಿ ಅಂಗಡಿ ಹಾಕುವವರು ಉಳಿ, ಅರಕ್ಕಿಂತ ಮೊದಲು ಒಂದು ಹೈಗ್ರೋಮೀಟರ್ ತಗೊಳ್ಳಿ. ಗಾಳಿಯಲ್ಲಿ ಎಷ್ಟು ತೇವ ಇದೆ ಅಂತ ತೋರಿಸುವ ಈ ಪುಟ್ಟ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ತಂದ ಕೂಡಲೇ ಅದು ಹೇಳಿದ್ದನ್ನು ನಂಬಬೇಡಿ. ಬಾಟಲಿಯ ಮುಚ್ಚಳಕ್ಕೆ ಅಡುಗೆ ಉಪ್ಪು ಹಾಕಿ, ನಾಲ್ಕಾರು ಹನಿ ನೀರು ಬಿಡಿ. ಉಪ್ಪು ಕರಗಿ ನೀರಾಗಬಾರದು, ಒದ್ದೆ ಮರಳಿನ ಹಾಗಿರಬೇಕು. ಆ ಮುಚ್ಚಳವನ್ನೂ ಮೀಟರನ್ನೂ ಒಂದೇ ಜಿಪ್ ಕವರಿನಲ್ಲಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ 75 ತೋರಿಸಬೇಕು. 70 ತೋರಿಸಿದರೆ ಮೀಟರ್ 5 ಕಡಿಮೆ ಹೇಳುತ್ತಿದೆ ಅಂತ ಅರ್ಥ. ಅದನ್ನು ಚೀಟಿಯಲ್ಲಿ ಬರೆದು ಹಿಂದೆ ಅಂಟಿಸಿ.

ಇಷ್ಟೆಲ್ಲ ಯಾಕೆ ಅಂದರೆ, ಗಿಟಾರ್‌ಗೆ ಹಿತವಾದ ತೇವ ಶೇಕಡಾ 45ರಿಂದ 55. ಜುಲೈ ತಿಂಗಳ ಮಡಿಕೇರಿಯಲ್ಲಿ ಅದು 90 ದಾಟಿ ಕೂತಿರುತ್ತದೆ. ಮರ ನೀರು ಹೀರಿ ಉಬ್ಬುತ್ತದೆ. ತಂತಿಗಳ ಬುಡ ಹಿಡಿದಿರುವ ಮರದ ತುಂಡು, ಅಂದರೆ ಬ್ರಿಡ್ಜ್, ಅದರ ಹಿಂದಿನ ಹಲಗೆ ಹೊಟ್ಟೆ ಬಿಟ್ಟು ಮೇಲೇಳುತ್ತದೆ, ಅದರ ಜೊತೆ ತಂತಿಗಳೂ ಎತ್ತರಕ್ಕೆ ಹೋಗುತ್ತವೆ. ಬೆರಳು ಒತ್ತಿದರೆ ನೋವು. ಫೆಬ್ರವರಿ, ಮಾರ್ಚ್‌ನಲ್ಲಿ ಇದೇ ಗಿಟಾರ್ ಒಣಗಿ ಕುಗ್ಗುತ್ತದೆ. ನೆಕ್ ಅಂದರೆ ಗಿಟಾರ್‌ನ ಕತ್ತಿನ ಮೇಲೆ ಅಡ್ಡಕ್ಕೆ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್, ತಂತಿ ಅದಕ್ಕೆ ತಾಗಿ ಝುಯ್ ಅನ್ನುತ್ತದೆ. ನೆಕ್‌ನ ಅಂಚಿನಲ್ಲಿ ಕೈಯಾಡಿಸಿದರೆ ಫ್ರೆಟ್‌ನ ತುದಿಗಳು ಚುಚ್ಚುತ್ತವೆ. ನಮ್ಮ ಅಂಗಡಿಗೆ ಬರುವ ಕೆಲಸದಲ್ಲಿ ಹೆಚ್ಚಿನದು ಈ ಎರಡರ ಮಧ್ಯೆಯೇ ಇರುತ್ತದೆ.

ಮಳೆಗಾಲದಲ್ಲಿ ಒಬ್ಬ ಹುಡುಗ ಬಂದು “ಆ್ಯಕ್ಷನ್ ಜಾಸ್ತಿ ಆಗಿದೆ ಅಣ್ಣ, ಸ್ಯಾಡಲ್ ಉಜ್ಜಿ ಕೊಡಿ” ಅನ್ನುತ್ತಾನೆ ಅಂದುಕೊಳ್ಳಿ. ಆ್ಯಕ್ಷನ್ ಅಂದರೆ ಫ್ರೆಟ್‌ನಿಂದ ತಂತಿಯ ಎತ್ತರ, ಸ್ಯಾಡಲ್ ಅಂದರೆ ಬ್ರಿಡ್ಜ್ ಮೇಲೆ ತಂತಿಗಳು ಕೂರುವ ಸಣ್ಣ ಪಟ್ಟಿ. ಉಜ್ಜಬೇಡಿ. ಮೊದಲು ಅಳೆಯಿರಿ. ಗಿಟಾರ್ ಸರಿಯಾಗಿ ಟ್ಯೂನ್ ಮಾಡಿ, 12ನೇ ಫ್ರೆಟ್ ಮೇಲೆ ಸ್ಟೀಲ್ ಸ್ಕೇಲ್ ನಿಲ್ಲಿಸಿ. ಅಕೌಸ್ಟಿಕ್‌ನಲ್ಲಿ ದಪ್ಪ ತಂತಿ ಫ್ರೆಟ್‌ನಿಂದ ಸುಮಾರು 2.4 ಮಿಲಿಮೀಟರ್, ಸಣ್ಣ ತಂತಿ 1.6ರಿಂದ 2 ಮಿಲಿಮೀಟರ್ ಮೇಲಿದ್ದರೆ ಒಳ್ಳೆಯದು. ಆಮೇಲೆ ದಪ್ಪ ತಂತಿಯನ್ನು 1ನೇ ಫ್ರೆಟ್‌ನಲ್ಲೂ 14ನೇ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ನಡುವೆ 7ನೇ ಫ್ರೆಟ್ ಹತ್ತಿರ ಎಷ್ಟು ಸಂದಿ ಇದೆ ನೋಡಿ. ಸಂದಿ ಅಳೆಯುವ ತೆಳು ಉಕ್ಕಿನ ಎಲೆಗಳ ಕಟ್ಟು, ಅಂದರೆ ಫೀಲರ್ ಗೇಜ್, ಅದರ 0.25 ಮಿಲಿಮೀಟರ್ ಎಲೆ ಅಲ್ಲಿ ಸಲೀಸಾಗಿ ತೂರಿದರೆ ಸಾಕು. ಸಂದಿ ಅದಕ್ಕಿಂತ ಬಹಳ ದೊಡ್ಡದಾಗಿದ್ದರೆ ಮಾತ್ರ ಟ್ರಸ್ ರಾಡ್, ಅಂದರೆ ನೆಕ್ ಒಳಗೆ ಉದ್ದಕ್ಕೂ ಇರುವ, ಕೀ ಹಾಕಿ ತಿರುಗಿಸುವ ಲೋಹದ ಸರಳನ್ನು ಬಿಗಿ ಮಾಡಿ. ಒಂದು ಸಲಕ್ಕೆ ಕಾಲು ಸುತ್ತು, ಅದಕ್ಕಿಂತ ಹೆಚ್ಚು ಬೇಡ. ಅಗ್ಗದ ಎಷ್ಟೋ ಗಿಟಾರ್‌ಗಳಲ್ಲಿ ಟ್ರಸ್ ರಾಡೇ ಇರುವುದಿಲ್ಲ. ಕೀ ತೂರಿಸುವ ಮೊದಲು ಮೊಬೈಲ್ ಟಾರ್ಚ್ ಹಾಕಿ ನೋಡಿಬಿಡಿ.

ಸಂದಿ ಸರಿಯಾಗಿದೆ, ಹಲಗೆ ಮಾತ್ರ ಉಬ್ಬಿದೆ ಅಂದರೆ ಗಿಟಾರ್‌ಗೆ ಬೇಕಿರುವುದು ಒಣಗುವ ಜಾಗ. ಇದಕ್ಕೇ ನಾನು ಅಂಗಡಿಯ ಹಿಂದೆ ಸಣ್ಣ ಕೋಣೆ ಮಾಡಿ, ಕಿಟಕಿ ಸಂದಿಗಳನ್ನೆಲ್ಲ ಮುಚ್ಚಿ, ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಇಟ್ಟಿದ್ದೇನೆ. ಬೆಳಿಗ್ಗೆ ಶಟರ್ ತೆಗೆದರೆ ನನ್ನ ಮೊದಲ ಕೆಲಸ ಅದರ ತೊಟ್ಟಿಯ ನೀರು ಚೆಲ್ಲುವುದು. ಕೋಣೆಯನ್ನು 50ರ ಆಸುಪಾಸಿನಲ್ಲಿಟ್ಟು ಗಿಟಾರನ್ನು ಒಂದು ವಾರ, ಬೇಕಾದರೆ ಎರಡು ವಾರ ಬಿಡುತ್ತೇನೆ. ಎಷ್ಟೋ ಗಿಟಾರ್‌ಗಳು ಯಾವ ರಿಪೇರಿಯೂ ಇಲ್ಲದೆ ಸರಿಹೋಗುತ್ತವೆ. ಇದಕ್ಕೆ ದುಡ್ಡು ತಗೊಳ್ಳಲು ಸಂಕೋಚ ಬೇಡ. ಜಾಗ ನಿಮ್ಮದು, ಕರೆಂಟ್ ನಿಮ್ಮದು, ಜವಾಬ್ದಾರಿಯೂ ನಿಮ್ಮದೇ ಅಲ್ವಾ?

ವರ್ಷವಿಡೀ ನುಡಿಸುವವರಿಗೆ ನಾನು ಎರಡು ಸ್ಯಾಡಲ್ ಮಾಡಿಕೊಡುತ್ತೇನೆ, ಮಳೆಗಾಲಕ್ಕೆ ಒಂದು, ಬೇಸಿಗೆಗೆ ಒಂದು. ಎಲುಬಿನ ತುಂಡಿನಲ್ಲಿ ಎರಡನ್ನೂ ಒಂದೇ ಆಕಾರಕ್ಕೆ ತಂದು, ಮಳೆಗಾಲದ್ದನ್ನು ತಳದಲ್ಲಿ ಸ್ವಲ್ಪ ತೆಗೆದು ಕುಳ್ಳ ಮಾಡುವುದು. ಲೆಕ್ಕ ಸುಲಭ. 12ನೇ ಫ್ರೆಟ್‌ನಲ್ಲಿ ಅರ್ಧ ಮಿಲಿಮೀಟರ್ ಇಳಿಯಬೇಕಾದರೆ ಸ್ಯಾಡಲ್‌ನಲ್ಲಿ ಒಂದು ಮಿಲಿಮೀಟರ್ ತೆಗೆಯಬೇಕು. ತಳ ಸಪಾಟಾಗಿರಬೇಕು, ಗಾಜಿನ ಮೇಲೆ ಉಜ್ಜುಕಾಗದ ಅಂಟಿಸಿ ಉಜ್ಜಿ. ಪೆನ್ಸಿಲ್‌ನಲ್ಲಿ ತಳಕ್ಕೆ ಗುರುತು ಹಾಕಿ, ಇನ್ನೊಂದನ್ನು ಸಣ್ಣ ಕವರಿನಲ್ಲಿಟ್ಟು ಗಿಟಾರ್ ಚೀಲದ ಜೇಬಿಗೆ ಹಾಕಿ ಕೊಡಿ. ನನಗೆ ಹೆಚ್ಚು ಗಿರಾಕಿಗಳನ್ನು ತಂದಿರುವ ಕೆಲಸ ಇದು. ಒಬ್ಬರು ಇನ್ನೊಬ್ಬರಿಗೆ ತೋರಿಸುತ್ತಾರೆ, ಅವರು ಕೇಳಿಕೊಂಡು ಬರುತ್ತಾರೆ.

ಮನೆಗಳಲ್ಲಿ ಮಾಡುವ ಒಂದು ಕೆಲಸದ ಬಗ್ಗೆ ಎಲ್ಲರಿಗೂ ಹೇಳಿ. ಮಳೆಯಲ್ಲಿ ಬಟ್ಟೆ ಒಣಗಿಸುವ ಒಲೆಯ ಪಕ್ಕದಲ್ಲೇ ಗಿಟಾರನ್ನೂ ನಿಲ್ಲಿಸುತ್ತಾರೆ. ಒಂದು ಮಗ್ಗುಲು ಬಿಸಿ, ಇನ್ನೊಂದು ಮಗ್ಗುಲು ತಂಡಿ. ಮರ ಸೀಳುತ್ತದೆ, ಅಂಟು ಬಿಡುತ್ತದೆ. ಗಿಟಾರ್ ಚೀಲದೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಹೊರಗೋಡೆಗೆ ತಾಗದಂತೆ ಒಳಕೋಣೆಯಲ್ಲಿಡಲು ಹೇಳಿ. ಬಣ್ಣ ಬದಲಾಗುವ ಪೊಟ್ಟಣ ಆದರೆ ಮತ್ತೆ ಬಿಸಿ ಮಾಡಿ ಬಳಸಬಹುದು.

ಎದ್ದ ಬ್ರಿಡ್ಜ್ ಕೂರಿಸುವಾಗ ಅವಸರ ಮಾಡಬೇಡಿ. ಸಾಮಾನ್ಯ ಸೆಟ್‌ನ ಆರು ತಂತಿ ಸೇರಿ 70 ಕಿಲೋ ಆಸುಪಾಸು ಎಳೆತ ಹಾಕುತ್ತವೆ, ಅದೂ ಹಗಲು ರಾತ್ರಿ. ಹಳೆಯ ಅಂಟನ್ನು ಪೂರ್ತಿ ಕೆರೆದು ಬರಿ ಮರ ಕಾಣಬೇಕು. ಅಂಟು ಹಾಕುವ ಮೊದಲೇ ಕ್ಲ್ಯಾಂಪ್ ಹಾಕಿ, ಸರಿಯಾಗಿ ಕೂರುತ್ತದಾ ಅಂತ ಒಂದು ಸಲ ನೋಡಿಕೊಳ್ಳಿ. ಅಂಟಿಸಿ ಒಂದು ದಿನ ಪೂರ್ತಿ ಬಿಡಿ, ಮಳೆಗಾಲದಲ್ಲಿ ಇನ್ನೂ ಒಂದು ದಿನ. ಅದನ್ನೂ ಆ ಒಣ ಕೋಣೆಯಲ್ಲೇ ಮಾಡಿ. ಹೊಸ ಬ್ರಿಡ್ಜ್ ಬೇಕಾದರೆ ನಮ್ಮ ಬೀಟೆಗಿಂತ ಒಳ್ಳೆಯ ಮರ ಹುಡುಕಿಕೊಂಡು ಹೋಗಬೇಕಾಗಿಲ್ಲ. ಜಗತ್ತಿನ ಗಿಟಾರ್ ತಯಾರಕರು ಇಂಡಿಯನ್ ರೋಸ್‌ವುಡ್ ಅಂತ ಕೊಳ್ಳುವುದು ಇದನ್ನೇ. ಹಳೆಯ ಮಂಚ, ಕುರ್ಚಿಯ ತುಂಡು ಸಾಕು, ದಶಕಗಳಿಂದ ಒಣಗಿರುತ್ತದೆ. ನಿಂತ ಬೀಟೆ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಹಾಗಾಗಿ ಎಲ್ಲಿಂದಲೋ ಬಂದ ಹೊಸ ಹಲಗೆಯನ್ನು ಅಂಗಡಿಗೆ ಸೇರಿಸಲೇಬೇಡಿ.

ಇನ್ನು ಪ್ರಚಾರ. ಇಲ್ಲಿ ಪೋಸ್ಟರ್ ಮಳೆಗೆ ಕರಗಿ ಹೋಗುತ್ತದೆ, ಕರಪತ್ರವನ್ನು ಯಾರೂ ಓದುವುದಿಲ್ಲ. ಕ್ಯಾಲೆಂಡರ್ ನೋಡಿ ಕೆಲಸ ಮಾಡಿ. ಮೇ ಮೊದಲ ವಾರ ವಾಟ್ಸ್ಆ್ಯಪ್‌ನಲ್ಲಿ ಹಳೆಯ ಗಿರಾಕಿಗಳಿಗೆಲ್ಲ ಒಂದೇ ಮಾತು ಕಳಿಸಿ: ಮಳೆಗೆ ಮೊದಲು ಗಿಟಾರ್ ತೋರಿಸಿ. ಅಕ್ಟೋಬರ್‌ನಲ್ಲಿ ಮಳೆ ನಿಂತ ಮೇಲೆ ಇನ್ನೊಂದು. ನವೆಂಬರ್‌ನಲ್ಲಿ ಚರ್ಚ್‌ಗಳ ಗಾಯನ ತಂಡದವರನ್ನು ಮಾತಾಡಿಸಿ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಎಲ್ಲ ಕಡೆ ಕ್ರಿಸ್ಮಸ್ ಅಭ್ಯಾಸ ಶುರುವಾಗುವ ಹೊತ್ತು ಅದು. ಡಿಸೆಂಬರ್ ಮೂರನೇ ವಾರ ಬಂದವರಿಗೆ ಹಬ್ಬಕ್ಕೆ ಮೊದಲು ಕೊಡುತ್ತೇನೆ ಅಂತ ಸುಮ್ನೆ ಮಾತು ಕೊಡಬೇಡಿ. ಜನವರಿಯಿಂದ ಮಾರ್ಚ್‌ವರೆಗೆ ಕಾಫಿ ದುಡ್ಡು ಕೈಗೆ ಬರುವ ಕಾಲ. ಸವೆದ ಫ್ರೆಟ್‌ಗಳನ್ನೆಲ್ಲ ಬದಲಿಸುವ ರಿಫ್ರೆಟ್‌ನಂತಹ ದೊಡ್ಡ ಕೆಲಸಗಳನ್ನು ಆಗ ಒಪ್ಪಿಕೊಳ್ಳಿ.

ಹೋಮ್‌ಸ್ಟೇಗಳನ್ನು ಬಿಡಬೇಡಿ. ಹಾಲ್‌ನಲ್ಲಿ ಒಂದು ಗಿಟಾರ್ ನೇತಾಡುತ್ತಿರುತ್ತದೆ, ತಂತಿ ತುಕ್ಕು ಹಿಡಿದಿರುತ್ತದೆ, ಬಂದ ಅತಿಥಿ ಒಂದು ಸಲ ಮೀಟಿ ವಾಪಸ್ ಇಡುತ್ತಾನೆ. ಮಾಲೀಕರಿಗೆ ಹೇಳಿ: ವರ್ಷಕ್ಕೆ ಎರಡು ಸಲ ನಾನೇ ಬರುತ್ತೇನೆ, ಹೊಸ ತಂತಿ ಹಾಕಿ ಸೆಟಪ್ ಮಾಡುತ್ತೇನೆ, ಇಷ್ಟು ದುಡ್ಡು. ಒಂದೇ ದಾರಿಯಲ್ಲಿರುವ ಮೂರು ನಾಲ್ಕು ಮನೆ ಒಟ್ಟಿಗೆ ಹಿಡಿದರೆ ಪೆಟ್ರೋಲ್ ಖರ್ಚೂ ಗಿಟ್ಟುತ್ತದೆ.

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಹೆಸರನ್ನು ಉಚಿತವಾಗಿ ಸೇರಿಸಬಹುದು. ಬೋರ್ಡ್ ಕಾಣುವ ಫೋಟೋ, ಸರಿಯಾದ ಸಮಯ ಹಾಕಿ. ಮಳೆಗೆ ರಸ್ತೆ ಕೆಟ್ಟು ಅಂಗಡಿ ಮುಚ್ಚಿದ ದಿನ ಅದನ್ನೂ ಅಲ್ಲೇ ತಿಳಿಸಿ, ನಾಪೋಕ್ಲಿನಿಂದ ಹತ್ತಿ ಬಂದವರು ಬೀಗ ನೋಡಿ ಹೋಗಬಾರದು. ಸಂಗೀತ ಮೇಷ್ಟ್ರುಗಳಿಗೆ ಕಮಿಷನ್ ಕೊಡುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಆ ದುಡ್ಡು ಕೊನೆಗೆ ವಿದ್ಯಾರ್ಥಿಯ ಜೇಬಿನಿಂದಲೇ ಹೋಗುತ್ತದೆ. ಅದರ ಬದಲು ಅವರ ಸ್ವಂತ ಗಿಟಾರನ್ನು ಅದೇ ದಿನ ಮಾಡಿಕೊಡಿ.

ಕಾಗದಪತ್ರ ಹೆಚ್ಚಿಲ್ಲ. ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ, ಆನ್‌ಲೈನ್‌ನಲ್ಲಿ ಉಚಿತವಾಗಿ ಆಗುವ ಉದ್ಯಮ್ ನೋಂದಣಿ. ರಾಜ್ಯದೊಳಗೆ ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ.

ದರ ಹೇಳುವಾಗ ಗಿಟಾರ್‌ನ ಬೆಲೆಯನ್ನೂ ಹೇಳಿ. ಮೂರು ಸಾವಿರದ ಗಿಟಾರ್‌ಗೆ ಎರಡು ಸಾವಿರದ ರಿಪೇರಿ ಬೇಕಾದರೆ ಮೊದಲೇ ಬಾಯಿಬಿಟ್ಟು ತಿಳಿಸಿ. ಆದರೂ ಮಾಡಿಕೊಡಿ ಅನ್ನುವವರು ಇರುತ್ತಾರೆ. ತೀರಿಕೊಂಡ ಅಪ್ಪನದ್ದು, ಅಣ್ಣ ಮಿಲಿಟರಿಗೆ ಹೋಗುವ ಮೊದಲು ನುಡಿಸುತ್ತಿದ್ದದ್ದು ಅನ್ನುತ್ತಾರೆ. ಅಂಥ ಗಿಟಾರನ್ನು ಬೆಲೆ ನೋಡದೆ ತಗೊಂಡು ಶ್ರದ್ಧೆಯಿಂದ ಮಾಡಿ.

ಪ್ರತಿ ಗಿಟಾರ್‌ಗೂ ಒಂದು ಚೀಟಿ ಬರೆಯಿರಿ: ಬಂದ ತಾರೀಕು, ಅಂದಿನ ತೇವ, 12ನೇ ಫ್ರೆಟ್‌ನ ಅಳತೆ, ಮೊದಲೇ ಇದ್ದ ಸೀಳು. ಸೀಳಿನ ಫೋಟೋವನ್ನು ಗಿರಾಕಿಯ ಎದುರಿಗೇ ತೆಗೆದು ಅವರಿಗೇ ವಾಟ್ಸ್ಆ್ಯಪ್ ಮಾಡಿ. ಮುಂದೆ ಮಾತು ಬರುವುದಿಲ್ಲ.

ಗೋಣಿಕೊಪ್ಪ, ಕುಶಾಲನಗರದ ಕಡೆಯವರು ಬಸ್ಸಿನಲ್ಲಿ ಗಿಟಾರ್ ಕಳಿಸುತ್ತಾರೆ. ತಂತಿಗಳನ್ನು ಎರಡು ಮೂರು ಸುತ್ತು ಸಡಿಲ ಮಾಡಲು ಹೇಳಿ. ಹೆಡ್‌ಸ್ಟಾಕ್‌ನ, ಅಂದರೆ ತಂತಿ ಬಿಗಿ ಮಾಡುವ ತಲೆಭಾಗದ, ಕೆಳಗೂ ಸುತ್ತಲೂ ಹಳೆ ಟವೆಲ್ ತುರುಕಬೇಕು, ಬಿದ್ದಾಗ ಮುರಿಯುವುದು ಅಲ್ಲೇ. ಚೀಲದ ಮೇಲೆ ಪ್ಲಾಸ್ಟಿಕ್ ಸುತ್ತಿ, ಬಸ್ಸಿನ ಮಾಡಿನ ಮೇಲೆ ಹಾಕದಂತೆ ಕಂಡಕ್ಟರ್‌ಗೆ ಹೇಳಿಸಿ. ಗಿಟಾರ್ ಅಂಗಡಿಗೆ ಬಂದ ಮೇಲೆ ಪ್ಲಾಸ್ಟಿಕ್ ತಕ್ಷಣ ತೆಗೆಯಿರಿ, ಇಲ್ಲದಿದ್ದರೆ ತೇವ ಒಳಗೇ ನಿಲ್ಲುತ್ತದೆ.