ಎಣ್ಣೆ ಕ್ಯಾನ್ ಲೆಕ್ಕ ಹಿಡಿದು ಎಲ್‌ಡಿಎಲ್ ಇಳಿಸಿದ್ದು

ನನ್ನ ಶುರುವಿನ ರಕ್ತದ ರಿಪೋರ್ಟು: ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 165ರ ಆಸುಪಾಸು, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಕೊಬ್ಬು) 260, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) 36, ಬೆಳಗಿನ ಬಿಪಿ 146/92. ವರ್ಷದ ಮೇಲೆ ಈಗ ಅದೇ ಕ್ರಮದಲ್ಲಿ ಬರುತ್ತಿರುವುದು 125, 130, 41, ಬಿಪಿ 128/82. ಮಾತ್ರೆ ಇಲ್ಲ. “ಊಟ ಬದಲಾಯಿಸಿದರೆ ಅಬ್ಬಬ್ಬಾ ಅಂದರೆ ಹತ್ತು ಪರ್ಸೆಂಟು, ಸುಮ್ಮನೆ ಮಾತ್ರೆ ತಗೊಳ್ಳಿ” ಅಂದವರು ಮನೆಯಲ್ಲೂ ಇದ್ದರು, ಕ್ಲಿನಿಕ್ಕಿನಲ್ಲೂ ಇದ್ದರು. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಟೊರಾಂಟೊದ ಆಹಾರ ಸಂಶೋಧಕ ಡೇವಿಡ್ ಜೆಂಕಿನ್ಸ್ ತಂಡ 2003ರಲ್ಲಿ ಕೊಲೆಸ್ಟ್ರಾಲ್ ಇಳಿಸುವ ಪಥ್ಯದ ಊಟವನ್ನು ತಾನೇ ಒದಗಿಸಿ ಎಲ್‌ಡಿಎಲ್ ಅನ್ನು ಶೇ 28ರಷ್ಟು ಇಳಿಸಿ ತೋರಿಸಿತು. ಅದೇ ಪಥ್ಯವನ್ನು ಜನರ ಕೈಗೇ ಬಿಟ್ಟು ನೋಡಿದ 2011ರ ಪ್ರಯೋಗದಲ್ಲಿ ಸಿಕ್ಕಿದ್ದು ಶೇ 13ರಷ್ಟು. ಪಥ್ಯ ಒಂದೇ, ಅಡುಗೆಮನೆ ಬೇರೆ. ಅದಕ್ಕೇ ನಾನು ಆಹಾರದ ಪಟ್ಟಿ ಬದಿಗಿಟ್ಟು, ತಿಂಗಳಿಗೆ ಮನೆಯಲ್ಲಿ ಖಾಲಿಯಾಗುವ ಎಣ್ಣೆ, ತೆಂಗಿನಕಾಯಿ, ಉಪ್ಪು ಅಳೆಯುವುದರಿಂದ ಶುರು ಮಾಡಿದೆ. ಸ್ಟೆಂಟ್ ಹಾಕಿಸಿಕೊಂಡವರು, ಶುಗರ್ ಇರುವವರು ಇದನ್ನೆಲ್ಲ ಮಾತ್ರೆಯ ಜೊತೆಗೆ ಮಾಡಿ, ಮಾತ್ರೆ ಬಿಟ್ಟಲ್ಲ.

ನಾಲ್ಕು ಜನರ ಮನೆಗೆ ತಿಂಗಳಿಗೆ ಐದು ಲೀಟರಿನ ಕ್ಯಾನು ಅಂದರೆ ತಲೆಗೆ ದಿನಕ್ಕೆ ಹತ್ತಿರ ಹತ್ತಿರ 38 ಗ್ರಾಂ. ಕೂತು ಕೆಲಸ ಮಾಡುವವರಿಗೆ 20ರಿಂದ 30 ಗ್ರಾಂ ಧಾರಾಳ ಸಾಕು. ಕಡಿಮೆ ಹಾಕಿ ಅಂತ ಬಾಯಲ್ಲಿ ಹೇಳಿದರೆ ಯಾವ ಅಡುಗೆಮನೆಯಲ್ಲೂ ಎಣ್ಣೆ ಕಡಿಮೆಯಾಗುವುದಿಲ್ಲ. ಪ್ರತಿ ಸೋಮವಾರ 700 ಎಂಎಲ್ ಅಳೆದು ಬಾಟಲಿಗೆ ಹಾಕಿ ಕ್ಯಾನನ್ನು ಅಟ್ಟಕ್ಕೆ ಏರಿಸಿದೆ. ಮೊದಮೊದಲು ಶುಕ್ರವಾರಕ್ಕೇ ಬಾಟಲಿ ಖಾಲಿ. ಎಲ್ಲಿ ಸೋರುತ್ತಿದೆ ಅಂತ ನೋಡಿದರೆ ಕರಿದದ್ದಕ್ಕಿಂತ ಪಲ್ಯದ ಒಗ್ಗರಣೆ ಮತ್ತು ದೋಸೆಯೇ ಹೆಚ್ಚು ಕುಡಿಯುತ್ತಿದ್ದವು. ಪಲ್ಯಕ್ಕೆ ತರಕಾರಿಯನ್ನು ಮೊದಲು ನೀರಲ್ಲಿ ಮುಕ್ಕಾಲು ಬೇಯಿಸಿ, ಒಗ್ಗರಣೆ ಕೊನೆಗೆ ಎರಡು ಟೀ ಚಮಚದಲ್ಲಿ ಹಾಕಿದರೆ ಆಯಿತು. ಎಣ್ಣೆಯಲ್ಲೇ ಬಾಡಿಸುವ ಬದನೆ, ಬೆಂಡೆಗೆ ಮಾತ್ರ ಈ ಆಟ ನಡೆಯುವುದಿಲ್ಲ, ಅವನ್ನು ವಾರಕ್ಕೊಮ್ಮೆಗೆ ಇಳಿಸಬೇಕು. ದೋಸೆಗೆ ಪಳಗಿದ ಕಬ್ಬಿಣದ ಕಾವಲಿ, ಅರ್ಧ ಹೆಚ್ಚಿದ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಒರೆಸುವುದು. ಕಡಲೆಕಾಯಿ ಎಣ್ಣೆ ಮತ್ತು ಸೂರ್ಯಕಾಂತಿ ಎಣ್ಣೆ ತಿಂಗಳು ಬಿಟ್ಟು ತಿಂಗಳು. ಪಾಮೆಣ್ಣೆ, ಡಾಲ್ಡಾ ಮನೆಗೆ ತರುತ್ತಿರಲಿಲ್ಲ, ಆದರೆ ಬೇಕರಿ ಖಾರದಲ್ಲಿ, ಬಿಸ್ಕತ್ತಿನಲ್ಲಿ ಅವು ಒಳಗೆ ಬರುತ್ತಿದ್ದವು. ಮಿಲ್ಲೆಟ್ ಬಿಸ್ಕತ್ತು ಅಂತ ದೊಡ್ಡ ಅಕ್ಷರದಲ್ಲಿ ಬರೆದ ಪೊಟ್ಟಣವನ್ನು ತಿರುಗಿಸಿ ನೋಡಿ: ಮೈದಾ, ಸಕ್ಕರೆ, ಪಾಮೆಣ್ಣೆ, ಆಮೇಲೆ ನಾಲ್ಕನೆಯದಾಗಿಯೋ ಐದನೆಯದಾಗಿಯೋ ಸಿರಿಧಾನ್ಯ.

ತೆಂಗಿನಕಾಯಿ ವಿಷಯಕ್ಕೆ ಜಗಳವೇ ಆಯಿತು. ನೂರು ಗ್ರಾಂ ಹಸಿ ತುರಿಯಲ್ಲಿ ಮೂವತ್ತು–ನಲವತ್ತು ಗ್ರಾಂ ಕೊಬ್ಬು, ಅದರಲ್ಲಿ ಮುಕ್ಕಾಲಿಗೂ ಮೇಲೆ ಸ್ಯಾಚುರೇಟೆಡ್, ಅಂದರೆ ಎಲ್‌ಡಿಎಲ್ ಏರಿಸುವಂಥದ್ದು. ದಿನಕ್ಕೊಂದು ಕಾಯಿ ಒಡೆಯುವ ಮನೆಯಲ್ಲಿ ಎಣ್ಣೆ ಬದಲಿಸಿ ಏನು ಪ್ರಯೋಜನ? ಹುಳಿಗೆ ರುಬ್ಬುವಾಗ ಅರ್ಧ ಕಾಯಿಯ ಜಾಗಕ್ಕೆ ಎರಡು ಚಮಚ ಹುರಿಗಡಲೆ, ಒಂದು ಹಿಡಿ ಬೆಂದ ಬೇಳೆ. ಮಂದ ಅದೇ ಬರುತ್ತದೆ, ರುಚಿ ಸ್ವಲ್ಪ ತಗ್ಗುತ್ತದೆ. ಬಸ್ಸಾರು, ಉಪ್ಸಾರಿಗೆ ಕಾಯಿ ಇಲ್ಲದೆಯೂ ನಡೆಯುತ್ತದೆ. ಹುರುಳಿಕಟ್ಟಿನ ಸಾರಿಗೆ ಕಾಯಿಯ ಬದಲು ಹಾಕುವ ಪುಡಿ ಒಂದಿದೆ, ಅದು ನಮ್ಮನೆಯದು, ಇಲ್ಲಿ ಬರೆಯುವುದಿಲ್ಲ.

ಇನ್ನು ನಾರು. ಮುದ್ದೆ ತಿಂದರೆ ಕೊಲೆಸ್ಟ್ರಾಲ್ ಕರಗುತ್ತದೆ ಅನ್ನುವವರು ಒಂದು ಲೆಕ್ಕ ನೋಡಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ (ಎನ್‌ಐಎನ್) 2017ರಲ್ಲಿ ತಂದ ಆಹಾರ ಕೋಷ್ಟಕದಲ್ಲಿ ನೂರು ಗ್ರಾಂ ರಾಗಿಗೆ ಸುಮಾರು 11 ಗ್ರಾಂ ನಾರು, ಅದರಲ್ಲಿ ನೀರಲ್ಲಿ ಕರಗುವುದು ಎರಡು ಗ್ರಾಂ ಕೂಡ ಇಲ್ಲ. ಎಲ್‌ಡಿಎಲ್ ಎಳೆಯುವುದು ಕರಗುವ ನಾರು, ಅದರಲ್ಲೂ ಲೋಳೆಯಾಗುವಂಥದ್ದು. ರಾಗಿ ಹೊಟ್ಟೆಗೆ ಒಳ್ಳೆಯದು, ಇಟ್ಟುಕೊಳ್ಳಿ. ನಾನು 60 ಗ್ರಾಂ ಹಿಟ್ಟಿನ ಒಂದೇ ಮುದ್ದೆಗೆ ನಿಲ್ಲಿಸಿದೆ. ಎಲ್‌ಡಿಎಲ್‌ಗೆ ಬೇರೆ ಮೂರು ಸರಕು ಬೇಕಾಯಿತು: ಓಟ್ಸ್, ಜವೆಗೋಧಿ (ಬಾರ್ಲಿ), ಇಸಬ್ಗೋಲ್.

ಓಟ್ಸ್, ಜವೆಗೋಧಿಯಲ್ಲಿರುವ ಲೋಳೆ ನಾರಿನ ಹೆಸರು ಬೀಟಾ ಗ್ಲೂಕನ್. ದಿನಕ್ಕೆ ಮೂರು ಗ್ರಾಂ ಅದು ಒಳಗೆ ಹೋಗಬೇಕೆಂದರೆ ಓಟ್ಸ್ ಒಂದರಿಂದಲೇ 75 ಗ್ರಾಂ ಬೇಕು. ಗಂಜಿ ಮಾಡಿ ಅಷ್ಟು ತಿನ್ನಲು ವಾರದಲ್ಲೇ ಬೇಜಾರು ಬರುತ್ತದೆ, ಬೆಲ್ಲ ಸೇರಿಸಿದರೆ ಟ್ರೈಗ್ಲಿಸರೈಡ್ ಏರುತ್ತದೆ. ಓಟ್ಸನ್ನು ದೋಸೆ ಹಿಟ್ಟಿಗೆ ಸೇರಿಸಿ ರಾತ್ರಿಯಿಡೀ ಹುದುಗು ಬರಿಸಿದರೆ ದೋಸೆ ಕಾವಲಿಯಿಂದ ಏಳುವುದೇ ಇಲ್ಲ. ದಾರಿ ಹೀಗೆ: ಉದ್ದು ಒಂದು ಲೋಟ, ಅಕ್ಕಿ ಅರ್ಧ ಲೋಟ, ಚಿಟಿಕೆ ಮೆಂತ್ಯ ಮಾಮೂಲಿನಂತೆ ರುಬ್ಬಿ ಹುಳಿ ಬರಲಿ. ಎರಡು ಲೋಟ ಓಟ್ಸ್ ಪುಡಿ ಮಾಡಿ ಬೇರೆ ಇಟ್ಟಿರಿ, ಹುಯ್ಯುವ ಇಪ್ಪತ್ತು ನಿಮಿಷ ಮುಂಚೆ ನೀರಿನ ಜೊತೆ ಬೆರೆಸಿ. ಅದಕ್ಕಿಂತ ಹೊತ್ತು ನೆನೆದರೆ ಲೋಳೆ ಎಳೆ ಎಳೆಯಾಗುತ್ತದೆ. ಕಾವಲಿ ಮಧ್ಯಮ ಕಾವು, ಮೊದಲ ದೋಸೆ ಹೇಗೂ ಹರಿಯುತ್ತದೆ. ಮಸಾಲಾ ಓಟ್ಸ್ ಪೊಟ್ಟಣ ಬೇಡ, ಅದರ ಉಪ್ಪು ಬಿಪಿಗೆ ಹೋಗುತ್ತದೆ. ಜವೆಗೋಧಿ ಅಗ್ಗ, ಕಿಲೋಗೆ ನೂರರ ಒಳಗೆ ಸಿಕ್ಕ ನೆನಪು. ಆರು ಗಂಟೆ ನೆನೆಸಿ, ಒಂದಕ್ಕೆ ಮೂರು ನೀರು, ಐದಾರು ವಿಷಲ್. ಬಿಸಿಬೇಳೆಬಾತಿಗೆ ಅಕ್ಕಿಯ ಅರ್ಧ ಭಾಗ ಇದೇ ಹಾಕಿದರೆ ಬಂದ ನೆಂಟರಿಗೂ ಗೊತ್ತಾಗಲಿಲ್ಲ.

ಇಸಬ್ಗೋಲ್ ರಾತ್ರಿ ಊಟಕ್ಕೆ ಮುಂಚೆ ಎರಡು ದೊಡ್ಡ ಚಮಚ. ದೊಡ್ಡ ಲೋಟ ನೀರಿಗೆ ಹಾಕಿ ಕಲಕಿದ ತಕ್ಷಣ ಕುಡಿಯಬೇಕು, ಮೇಲೆ ಇನ್ನೊಂದು ಲೋಟ ನೀರು. ನೀರು ಕಡಿಮೆಯಾದರೆ ಗಂಟಲಲ್ಲೋ ಕರುಳಲ್ಲೋ ಗಂಟುಕಟ್ಟಿ ಆಸ್ಪತ್ರೆ ಸೇರಬೇಕಾಗುತ್ತದೆ. ಮೊದಲ ವಾರ ಒಂದೇ ಚಮಚ, ಇಲ್ಲದಿದ್ದರೆ ಹೊಟ್ಟೆ ಉಬ್ಬರ. ಥೈರಾಯ್ಡ್ ಮಾತ್ರೆ, ಶುಗರ್ ಮಾತ್ರೆಗೂ ಇದಕ್ಕೂ ಎರಡು ಮೂರು ಗಂಟೆ ಅಂತರ ಇರಲಿ. ಅಗಸೆ ಚಟ್ನಿಪುಡಿಯೂ ಜೊತೆಗಿದೆ, ಆದರೆ ಅಗಸೆ ಇಡಿಯಾಗಿ ತಿಂದರೆ ಇಡಿಯಾಗಿಯೇ ಹೊರಗೆ ಹೋಗುತ್ತದೆ. ಹದವಾಗಿ ಹುರಿದು ಪುಡಿ ಮಾಡಿ ಫ್ರಿಜ್ಜಿನಲ್ಲಿಡಿ, ವಾರಕ್ಕಾಗುವಷ್ಟೇ. ಕಮಟು ವಾಸನೆ ಬಂದರೆ ಚೆಲ್ಲಿ.

ಟ್ರೈಗ್ಲಿಸರೈಡ್ ಎಲ್ಲಕ್ಕಿಂತ ಸುಲಭವಾಗಿ ಇಳಿಯಿತು. ದಿನಕ್ಕೆ ನಾಲ್ಕು ಕಾಫಿಯ ಸಕ್ಕರೆ ಬಿಟ್ಟದ್ದು, ರಾತ್ರಿ ಎರಡನೇ ಸಲದ ಅನ್ನ ನಿಲ್ಲಿಸಿದ್ದು, ತಟ್ಟೆಯಲ್ಲಿ ಮೊದಲು ಕೋಸಂಬರಿ, ಪಲ್ಯ, ಕಾಳು ಮುಗಿಸಿ ಆಮೇಲೆ ಅನ್ನ ಮುಟ್ಟಿದ್ದು, ಊಟದ ನಂತರ ಹದಿನೈದು ನಿಮಿಷ ಓಡಾಡಿದ್ದು, ಇಷ್ಟೇ. ಮದುವೆ ಊಟ, ಜಾತ್ರೆ ಮುಗಿಸಿದ ವಾರ ರಕ್ತ ಕೊಡಬೇಡಿ, ಸಂಖ್ಯೆ ಸುಮ್ಮನೆ ಹೆದರಿಸುತ್ತದೆ. ಬಹಳ ಲ್ಯಾಬುಗಳು ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ, ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಅನ್ನೂ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆದು ಬರೆಯುತ್ತವೆ. ಟ್ರೈಗ್ಲಿಸರೈಡ್ 400 ದಾಟಿದರೆ ಆ ಲೆಕ್ಕವೇ ಕೆಡುತ್ತದೆ. ಅದೇ ಲ್ಯಾಬು, ಅದೇ ಹನ್ನೆರಡು ಗಂಟೆ ಉಪವಾಸ, ಮೂರು ತಿಂಗಳಿಗೊಮ್ಮೆ. ಸಲಕ್ಕೆ ಐನೂರು ಚಿಲ್ಲರೆ ಆಗುತ್ತಿತ್ತು.

ಉಪ್ಪಿನ ಲೆಕ್ಕವೂ ಪೊಟ್ಟಣದಿಂದಲೇ. ನಾಲ್ವರಿಗೆ ತಿಂಗಳಿಗೆ ಒಂದು ಕಿಲೋ ಅಂದರೆ ತಲೆಗೆ ದಿನಕ್ಕೆ ಎಂಟು ಗ್ರಾಂ ಮೇಲೆ, ಡಬ್ಲ್ಯುಎಚ್‌ಒ ಹೇಳುವ ಮಿತಿ ಐದರೊಳಗೆ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಬೇರೆ. ಅನ್ನಕ್ಕೆ, ಮುದ್ದೆಗೆ, ಮಜ್ಜಿಗೆಗೆ ಉಪ್ಪು ಪೂರ್ತಿ ಬಂದ್, ಸಾರಿಗೆ ಇಳಿಸುವ ಹೊತ್ತಿಗೆ ಹಾಕಿ ಮೇಲೆ ನಿಂಬೆ ಹಿಂಡುವುದು. ಒಂದು ತಿಂಗಳು ಸಪ್ಪೆ, ಆಮೇಲೆ ಹೋಟೆಲಿನ ಸಾಂಬಾರೇ ಉಪ್ಪುಪ್ಪು. ಲೋ ಸೋಡಿಯಂ ಉಪ್ಪೂ ನೋಡಿದೆ, ಬಿಪಿಗೆ ಸಹಾಯವಾಗುತ್ತದೆ. ಆದರೆ ಅದರಲ್ಲಿರುವುದು ಪೊಟ್ಯಾಸಿಯಂ. ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ ನುಂಗುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಬಿಪಿ ನೋಡುವ ಮೆಷಿನ್ನಿನ ಪಟ್ಟಿ ತೋಳಿಗೆ ಚಿಕ್ಕದಾದರೆ ಹೆಚ್ಚು ತೋರಿಸುತ್ತದೆ. ದೊಡ್ಡ ಪಟ್ಟಿಗೆ ಏಳೆಂಟು ನೂರು ಕೊಟ್ಟದ್ದು ನಷ್ಟವಾಗಲಿಲ್ಲ.

ನಡಿಗೆಯಲ್ಲಿ ಬಹಳ ಜನ ಎಡವುವುದು ವೇಗದಲ್ಲಿ. ಲಾಲ್‌ಬಾಗಿನಲ್ಲಿ ಹರಟೆ ಹೊಡೆಯುತ್ತ ಒಂದು ಗಂಟೆ ಸುತ್ತಿದರೆ ಮನಸ್ಸಿಗೆ ಹಿತ, ಹೃದಯಕ್ಕೆ ಅಷ್ಟಕ್ಕಷ್ಟೇ. ನಿಮಿಷಕ್ಕೆ ನೂರು ಹೆಜ್ಜೆ ಕನಿಷ್ಠ, ಮಾತಾಡಲು ಆಗಬೇಕು, ಹಾಡಲು ಆಗಬಾರದು. ಮೂರು ನಿಮಿಷ ಜೋರು, ಮೂರು ನಿಮಿಷ ನಿಧಾನ, ಐದು ಸುತ್ತು. ಇದು ಜಪಾನಿನ ಶಿನ್ಶು ವಿಶ್ವವಿದ್ಯಾಲಯದವರು ವಯಸ್ಸಾದವರಿಗೆ ಕಲಿಸಿದ ಕ್ರಮ. ವಾರಕ್ಕೆ ಐದು ದಿನ. ಎದೆ ಹಿಡಿದಂತಾದರೆ, ದವಡೆಗೋ ಎಡತೋಳಿಗೋ ನೋವು ಇಳಿದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗಬೇಕು, ಗ್ಯಾಸ್ ಅಂತ ಸೋಡಾ ಕುಡಿಯುತ್ತ ಕೂರಬಾರದು. ಬಿಪಿಗೆ ಅಂತ ಸೇರಿಸಿದ್ದು ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಂತೆ ಕೂರುವುದು: ಎರಡು ನಿಮಿಷ ಕೂತು ಎರಡು ನಿಮಿಷ ಬಿಡುವು, ನಾಲ್ಕು ಸಲ, ವಾರಕ್ಕೆ ಮೂರು ದಿನ. ಉಸಿರು ಕಟ್ಟಿದರೆ ಬಿಪಿ ಅಲ್ಲೇ ಏರುತ್ತದೆ, ಬಾಯಲ್ಲಿ ಎಣಿಸುತ್ತಿರಿ. ಮಂಡಿ ನೋವಿದ್ದರೆ ಅರ್ಧಕ್ಕೇ ಜಾರಿ ಸಾಕು.

ದಂಡವಾದದ್ದು ಬೆಳ್ಳುಳ್ಳಿ ಕ್ಯಾಪ್ಸೂಲು, ಎರಡು ಸಾವಿರದಷ್ಟು. ಸೋರೆಕಾಯಿ ರಸ ಕೆಲವು ವಾರ ನಡೆಯಿತು, ಸಂಖ್ಯೆ ಕದಲಲಿಲ್ಲ. ಕುಡಿಯುವವರು ಮೊದಲು ಒಂದು ಚೂರು ನಾಲಿಗೆಗೆ ಹಚ್ಚಿ ನೋಡಲೇಬೇಕು, ಕಹಿ ಸೋರೆ ವಿಷ, ಅದರಿಂದ ಜೀವ ಹೋದವರಿದ್ದಾರೆ. ಫಿಲ್ಟರ್ ಕಾಫಿಯ ಮೇಲೂ ಒಂದು ಪ್ರಯೋಗ ಮಾಡಿದೆ. ಸೋಸದೆ ಕುದಿಸಿದ ಕಾಫಿಯಲ್ಲಿ ಉಳಿಯುವ ಕೆಫೆಸ್ಟಾಲ್ ಎಲ್‌ಡಿಎಲ್ ಏರಿಸುತ್ತದೆ, ಪೇಪರ್ ಅದನ್ನು ಹಿಡಿದುಬಿಡುತ್ತದೆ. ಅದಕ್ಕೇ ಸ್ಟೀಲ್ ಫಿಲ್ಟರಿನ ತೂತಿನ ತಟ್ಟೆ ಮೇಲೆ ಪೇಪರ್ ಕತ್ತರಿಸಿ ಹಾಸಿದೆ. ಡಿಕಾಕ್ಷನ್ ಇಳಿಯಲು ಅರ್ಧ ರಾತ್ರಿ, ಬಂದದ್ದೂ ತೆಳು. ಅದೇ ತಿಂಗಳು ಹಾಲನ್ನೂ ಟೋನ್ಡ್‌ಗೆ ಬದಲಿಸಿದ್ದರಿಂದ ಯಾವುದರಿಂದ ಎಷ್ಟು ಅಂತ ಬಿಡಿಸಲಾಗಲಿಲ್ಲ. ಪೇಪರ್ ತೆಗೆದೆ, ಹಾಲು ಹಾಗೇ ಉಳಿಯಿತು.

ಒಟ್ಟು ಖರ್ಚು ತಿಂಗಳಿಗೆ ಮುನ್ನೂರರಷ್ಟು ಹೆಚ್ಚಾಗಿರಬಹುದು. ಎಣ್ಣೆ, ಬೇಕರಿಯಲ್ಲಿ ಉಳಿದದ್ದನ್ನು ಓಟ್ಸ್, ಹಣ್ಣು, ಬಾದಾಮಿ ತಿಂದುಹಾಕಿತು. ಎಲ್‌ಡಿಎಲ್ 120ರ ಕೆಳಗೆ ಮಾತ್ರ ಇಳಿಯಲು ಒಪ್ಪುತ್ತಿಲ್ಲ. ಮುಂದಿನ ಸಲ ಎಲ್‌ಡಿಎಲ್‌ನಂಥದ್ದೇ ಇನ್ನೊಂದು ಕೊಬ್ಬಿನ ಕಣವಾದ ಲಿಪೊಪ್ರೋಟೀನ್ ಎ ಪರೀಕ್ಷೆ ಮಾಡಿಸುತ್ತೇನೆ; ಅದು ಹುಟ್ಟಿನಿಂದ ಬರುವುದು, ಓಟ್ಸಿಗೂ ನಡಿಗೆಗೂ ಜಗ್ಗುವುದಿಲ್ಲ, ಜನ್ಮಕ್ಕೊಮ್ಮೆ ಮಾಡಿಸಿದರೆ ಸಾಕು. ಅದು ಹೆಚ್ಚಿದ್ದರೆ ಡಾಕ್ಟರು ಹೇಳುವ ಸ್ಟ್ಯಾಟಿನ್ (ಕೊಲೆಸ್ಟ್ರಾಲ್ ಮಾತ್ರೆ) ಶುರು ಮಾಡುತ್ತೇನೆ, ದೋಸೆ ಹಿಟ್ಟಿನ ಅಳತೆ ಬದಲಾಗುವುದಿಲ್ಲ.