ಯಾರೂ ಕೇಳದ ರ‍್ಯಾಪ್ ಹಾಡಿನ ಕಥೆ ಕೇಳುವುದು ಹೇಗೆ

"ಈ ಹಾಡಿಗೆ ಸ್ಫೂರ್ತಿ ಏನು?" ಅಂತ ಮಾತ್ರ ಕೇಳಬೇಡಿ. ಮೂರು ವರ್ಷದಿಂದ ಮೈಸೂರು, ಮಂಡ್ಯ ಕಡೆಯ ರ‍್ಯಾಪರ್‌ಗಳನ್ನು ಹಿಡಿದು ಕೂರಿಸಿ, ಅವರ ಓಡದ ಹಾಡುಗಳ ಬಗ್ಗೆ ಮಾತಾಡಿಸಿ ಬರೆದಿಡುತ್ತಿದ್ದೇನೆ. ಮೊದಲ ನಾಲ್ಕು ಜನಕ್ಕೂ ಇದೇ ಪ್ರಶ್ನೆ ಎಸೆದೆ. ನಾಲ್ವರೂ ಹೆಚ್ಚುಕಮ್ಮಿ ಒಂದೇ ಉತ್ತರ ಕೊಟ್ಟರು. "ಲೈಫ್ ಅಣ್ಣ. ಸ್ಟ್ರಗಲ್ ಅಣ್ಣ." ಅಷ್ಟೇ. ಒಂದೂವರೆ ಗಂಟೆ ರೆಕಾರ್ಡಿಂಗ್‌ನಲ್ಲಿ ಒಂದು ಪುಟಕ್ಕಾಗುವಷ್ಟು ಸರಕು ಸಿಗಲಿಲ್ಲ. ಆಮೇಲೆ ಎಡವಿ ಎಡವಿ ಕಲಿತದ್ದನ್ನು ಇಲ್ಲಿ ಹಾಕುತ್ತಿದ್ದೇನೆ. ನಿಮ್ಮ ಬೀದಿಯಲ್ಲೂ ಹಾಡು ಬರೆಯುವ ಒಬ್ಬ ಹುಡುಗನೋ ಹುಡುಗಿಯೋ ಇದ್ದೇ ಇರುತ್ತಾರೆ, ಹೋಗಿ ಕೇಳಿ.

ಓಡಿದ ಹಾಡನ್ನು ಯಾಕೆ ಬಿಡಬೇಕು? ಚಂದನ್ ಶೆಟ್ಟಿ, ಆಲ್ ಓಕೆ ಇಂಥ ಹೆಸರಾಂತ ಕನ್ನಡ ರ‍್ಯಾಪರ್‌ಗಳು ತಮ್ಮ ದೊಡ್ಡ ಹಾಡುಗಳ ಬಗ್ಗೆ ಬೇಕಾದಷ್ಟು ಕಡೆ ಮಾತಾಡಿದ್ದಾರೆ. ಊರಿನ ಮಟ್ಟಿಗೆ ಹೆಸರು ಮಾಡಿದವರದ್ದೂ ಹಾಗೇ. ಹತ್ತು ಕಡೆ ಹೇಳಿ ಹೇಳಿ ಆ ಕಥೆ, ಕಂಡಕ್ಟರ್ ಸ್ಟಾಪಿನ ಹೆಸರು ಕೂಗಿದ ಹಾಗೆ, ಯೋಚನೆಯೇ ಇಲ್ಲದೆ ಬಾಯಿಂದ ಬರುತ್ತದೆ. ಓಡದ ಹಾಡಿನ ಬಗ್ಗೆ ಯಾರೂ ಕೇಳಿರುವುದಿಲ್ಲ. ಉತ್ತರ ರೆಡಿ ಇರುವುದಿಲ್ಲ. ನಿಮ್ಮ ಮುಂದೆಯೇ ಹುಡುಕಿಕೊಂಡು, ತಡವರಿಸಿಕೊಂಡು ಹೇಳಬೇಕಾಗುತ್ತದೆ. ಮಜಾ ಇರುವುದೇ ಅಲ್ಲಿ.

ಹಾಡು ಹುಡುಕುವುದು ಸುಲಭ. ಅವರ ಚಾನೆಲ್‌ಗೆ ಹೋಗಿ, ಹಳೆಯದು ಮೊದಲು ಬರುವ ಹಾಗೆ ಜೋಡಿಸಿಕೊಂಡು, ಮೊದಲ ಒಂದು ವರ್ಷದ ಹಾಡುಗಳನ್ನೆಲ್ಲ ಕೇಳಿ. ಸೌಂಡ್‌ಕ್ಲೌಡ್ ಅಕೌಂಟ್ ಇದೆಯಾ ನೋಡಿ, ತುಂಬ ಜನ ಅಲ್ಲಿ ಹಾಕಿ ಮರೆತೇ ಬಿಟ್ಟಿರುತ್ತಾರೆ. ಜೊತೆಯವರನ್ನೂ ಕೇಳಬಹುದು. "ಅವನದ್ದು ನಿಮ್ಗೆ ಇಷ್ಟವಾಗಿ, ಆದ್ರೂ ಓಡದೇ ಇದ್ದ ಹಾಡು ಯಾವ್ದು?" ಅಂದರೆ ಗೆಳೆಯರು ತಕ್ಷಣ ಹೇಳುತ್ತಾರೆ. ಹಾಡಿದವರನ್ನೇ ಕೇಳಿದರೆ ಹೊಸ ಹಾಡಿನ ಲಿಂಕ್ ಕಳಿಸುತ್ತಾರೆ. ಅದು ಪ್ರಮೋಷನ್ನು, ನಮಗೆ ಬೇಡ.

ಹಾಡು ಸಿಕ್ಕ ಮೇಲೆ ಸಾಹಿತ್ಯವನ್ನು ಕೈಯಲ್ಲೇ ಬರೆದುಕೊಳ್ಳಿ, ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ. ಹತ್ತು ಸಲ ಕೇಳಬೇಕಾಗುತ್ತದೆ, ಕೇಳಿ. ಕಿವಿಗೆ ಸಿಗದ ಪದ, ಉಸಿರು ತಪ್ಪಿದ ಜಾಗ, ಹಿಂದೆ ಎಲ್ಲೋ ಬರುವ ಸದ್ದು, ಸುಮ್ನೆ ಪ್ರಾಸಕ್ಕೆ ತುರುಕಿದ ಹಾಗೆ ಕಾಣುವ ಪದ, ಇವುಗಳ ಪಕ್ಕದಲ್ಲಿ ನಿಮಿಷ, ಸೆಕೆಂಡ್ ಹಾಕಿ. ಆ ಹಾಳೆಯೇ ನಿಮ್ಮ ಪ್ರಶ್ನೆಪತ್ರಿಕೆ.

ಇನ್ನು ಜಾಗ. ಹೋಟೆಲ್ ಬೇಡ, ಲೋಟ ತಟ್ಟೆ ಸದ್ದಿನಲ್ಲಿ ಅರ್ಧ ಮಾತು ಹೋಗುತ್ತದೆ. ಒಂದು ಸಲ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕೂತು ಮಾಡಿದೆ, ನೋಡುವುದಕ್ಕೆ ಬಲು ಚೆನ್ನಾಗಿತ್ತು, ಮನೆಗೆ ಬಂದು ಕೇಳಿದರೆ ಬರೀ ಗಾಳಿ. ಯಾರದ್ದಾದರೂ ಮನೆಯ ರೂಮೇ ಸಾಕು. ಫ್ಯಾನ್ ಆಫ್ ಮಾಡಿ, ಕಿಟಕಿ ಹಾಕಿ, ಮಂಚದ ಮೇಲೆ ಹಾಸಿಗೆ, ರಗ್ಗು ಇದ್ದಷ್ಟೂ ಒಳ್ಳೆಯದು, ಗುಂಯ್ ಅನ್ನುವುದಿಲ್ಲ. ಸ್ಟುಡಿಯೋ ಇಲ್ಲ ಅಂತ ಕೊರಗಬೇಡಿ. ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ 30 ವ್ಯಾಟಿನ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೋ ಕೇಂದ್ರ ಶುರು ಮಾಡಿದರು. 'ಆಕಾಶವಾಣಿ' ಅನ್ನುವ ಹೆಸರು ಇಡೀ ದೇಶಕ್ಕೆ ಹೋದದ್ದು ಆ ಮನೆಯಿಂದ. ನಿಮ್ಮ ಕೈಯಲ್ಲಿ ಫೋನ್ ಇದೆ, ಸಾಕು. ಅದನ್ನು ಅವರ ಕಡೆ ಒಂದು ಗೇಣು ದೂರದಲ್ಲಿ, ಮಡಚಿದ ಟವೆಲ್ ಮೇಲೆ ಇಡಿ. ಮತ್ತೆ ಫ್ಲೈಟ್ ಮೋಡ್ ಹಾಕಿ, ಮರೆಯಬೇಡಿ. ನಾನು ಮರೆತಿದ್ದೆ. ಮಂಡಿ ಮೊಹಲ್ಲಾದ ಒಬ್ಬ ಹುಡುಗ ತನ್ನ ತಾತನ ಅಂಗಡಿ ಬಾಗಿಲು ಹಾಕಿದ ದಿನದ ಬಗ್ಗೆ ಹೇಳುತ್ತಿದ್ದ, ಯಾವುದೋ ಲೋನ್ ಬೇಕಾ ಅನ್ನುವ ಕಾಲ್ ಬಂತು, ಕಟ್ ಮಾಡಿದೆ, ರೆಕಾರ್ಡಿಂಗ್ ಅಲ್ಲೇ ನಿಂತಿದ್ದು ಗೊತ್ತಾಗಲೇ ಇಲ್ಲ. ಮುಂದಿನ 40 ನಿಮಿಷ ಗಾಳಿಗೆ ಹೋಯಿತು. ಅವನನ್ನು ಮತ್ತೆ ಕೂರಿಸಿದೆ. ಎರಡನೇ ಸಲ ಹೇಳಿದಾಗ ಆ ಕಥೆಯಲ್ಲಿ ಉಪ್ಪು ಖಾರ ಎರಡೂ ಇರಲಿಲ್ಲ.

ಈಗ ಮುಖ್ಯ ಭಾಗ. ನಮ್ಮ ಕಡೆ ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರನ್ನು ಕೇಳಿದ್ದೀರಲ್ವಾ? ತಂಬೂರಿ ಮೀಟುತ್ತಾ ಹಾಡುತ್ತಾರೆ, ನಡುವೆ ನಿಲ್ಲಿಸಿ ಮಾತಿನಲ್ಲಿ ಕಥೆ ಹೇಳುತ್ತಾರೆ, ಮತ್ತೆ ಹಾಡಿಗೆ ಹೋಗುತ್ತಾರೆ. ನೀವೂ ಹಾಗೇ ಮಾಡಿ. ಅವರ ಮುಂದೆಯೇ ಹಾಡು ಹಾಕಿ, ಗುರುತು ಹಾಕಿದ ಜಾಗಕ್ಕೆ ಬಂದಾಗ ನಿಲ್ಲಿಸಿ, ಕೇಳಿ, ಮತ್ತೆ ಹಾಕಿ. ತುಂಬ ಜನ ತಮ್ಮ ಹಳೆಯ ಹಾಡನ್ನು ವರ್ಷಗಟ್ಟಲೆ ಕೇಳಿರುವುದಿಲ್ಲ. ಮೊದಲ ಹತ್ತು ಸೆಕೆಂಡ್ ನಾಚಿಕೊಳ್ಳುತ್ತಾರೆ, "ಅಯ್ಯೋ ನನ್ ವಾಯ್ಸ್ ನೋಡಿ" ಅಂತ ಮುಖ ಮುಚ್ಚಿಕೊಳ್ಳುತ್ತಾರೆ. ಆಮೇಲೆ ತಲೆ ಆಡಿಸಲು ಶುರು ಮಾಡುತ್ತಾರೆ.

ಪಾಂಡವಪುರ ಕಡೆಯ ಒಬ್ಬ ಹುಡುಗನ ಹಾಡು. ನಾನೂರು ಚಿಲ್ಲರೆ ವ್ಯೂಸ್. ಊರು ಬಿಟ್ಟು ಬೆಂಗಳೂರಿಗೆ ಹೊರಟವನ ಹಾಡು ಅಂತ ಮೇಲ್ನೋಟಕ್ಕೆ. ಎರಡನೇ ವರ್ಸ್‌ನಲ್ಲಿ, 1 ನಿಮಿಷ 12 ಸೆಕೆಂಡಿಗೆ, ಹಿಂದಿನಿಂದ 'ಟಣ್' ಅಂತ ಒಂದು ಸದ್ದು ಬರುತ್ತದೆ. ಹಾಡಿನ ಹಿಂದೆ ನುಡಿಯುವ ಬೀಟಿನದ್ದು ಅಂದುಕೊಳ್ಳೋಣ ಅಂದರೆ ತಾಳಕ್ಕೆ ಕೂರುವುದಿಲ್ಲ. ಅಲ್ಲಿ ನಿಲ್ಲಿಸಿ, "ಇದೇನು?" ಅಂದೆ.

"ಅದಾ? ಅದು ನಮ್ಮವ್ವ ಪಾತ್ರೆ ಬೀಳ್ಸಿದ್ದು ಕಣಣ್ಣ."

ಅಟ್ಟದ ಮೇಲೆ ತಲೆ ಮೇಲೆ ರಗ್ಗು ಹೊದ್ದುಕೊಂಡು ರೆಕಾರ್ಡ್ ಮಾಡಿದ್ದಾನೆ. ಕೆಳಗೆ ಅಡುಗೆಮನೆ. ಸರಿ, ಮತ್ತೆ ಯಾಕೆ ಅದನ್ನೇ ಇಟ್ಟುಕೊಂಡೆ, ಇನ್ನೊಂದು ಟೇಕ್ ತಗೊಳ್ಳಬಹುದಿತ್ತಲ್ವಾ ಅಂದೆ. "ಕ್ಲೀನ್ ಟೇಕೂ ಐತೆ. ಅದ್ರಲ್ಲಿ 'ಹೋಗ್ತೀನಿ' ಅಂದ್ಬುಟ್ಟಿದ್ದೆ. ನಮ್ಮನೇಲಿ ಯಾರ್ ಹಂಗಂತಾರೆ? ಓಯ್ತೀನಿ ಅಂತೀವಿ. ಪಾತ್ರೆ ಬಿದ್ದ ಟೇಕಲ್ಲಿ ಬಾಯಿ ತಪ್ಪಿ ಓಯ್ತೀನಿ ಬಂದಿತ್ತು." ಅಲ್ಲಿಂದ ಮಾತು ಹೊಳೆ ಹರಿದ ಹಾಗೆ ಹರಿಯಿತು. ಆಗ ಎಲ್ಲರೂ ಬೆಂಗಳೂರಿನ ಕನ್ನಡದಲ್ಲಿ ಹಾಡುತ್ತಿದ್ದದ್ದು, ಮಂಡ್ಯದ ಮಾತು ಅಂದರೆ ಕಾಮಿಡಿಗೆ ಮಾತ್ರ ಅನ್ನುವ ಹಾಗಿದ್ದದ್ದು, ಕಾಲೇಜಲ್ಲಿ 'ಹ' ನುಂಗುತ್ತಾನೆ ಅಂತ ಯಾರೋ ಅಣಕಿಸಿದ್ದು. ಊರು ಬಿಡುವ ಹಾಡು ಅಂತ ನಾನು ತಿಳಿದುಕೊಂಡದ್ದು, ಅವನ ಪ್ರಕಾರ, ನಾಲಿಗೆ ಬಿಡಲಾರೆ ಅನ್ನುವ ಹಾಡು. ಸ್ಫೂರ್ತಿ ಏನು ಅಂತ ಕೇಳಿದ್ದರೆ ಈ ಪಾತ್ರೆ ಬೀಳುತ್ತಲೇ ಇರಲಿಲ್ಲ.

ಪ್ರಾಸದ ಪದಗಳನ್ನೂ ಹೀಗೇ ಹಿಡಿಯಿರಿ. ಪ್ರಾಸ ಅನ್ನುವುದು ಸ್ವಲ್ಪ ಮೋಸದ ವ್ಯವಹಾರ. ಒಂದು ಪದ ಬಂದು ಕೂತಿದೆ ಅಂದರೆ ಇನ್ನೊಂದು ಪದ ಎದ್ದು ಹೋಗಿದೆ ಅಂತ ಅರ್ಥ. "ಇಲ್ಲಿ ಮೊದಲು ಏನಿತ್ತು?" ಅಂತ ಕೇಳಿ. ಇದೇ ಹುಡುಗನ ಹಾಡಿನಲ್ಲಿ 'ಗದ್ದೆ'ಗೆ 'ನಿದ್ದೆ' ಸೇರಿಸಿದ್ದಾನೆ. ಮೊದಲು 'ಮುದ್ದೆ' ಇತ್ತಂತೆ. ಯಾಕೆ ತೆಗೆದೆ ಅಂದರೆ, "ಮಂಡ್ಯ ಅಂದ್ರೆ ಎಲ್ರೂ ಮುದ್ದೆ ಅಂತಾರಲ್ಲಣ್ಣ, ಬ್ಯಾಸರ ಆಯ್ತು." ಸರಿ, ನಿದ್ದೆ ಎಲ್ಲಿಂದ ಬಂತು? ಆಗ ಆಲೆಮನೆಯಲ್ಲಿ ರಾತ್ರಿ ಕೆಲಸಕ್ಕೆ ಹೋಗುತ್ತಿದ್ದನಂತೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಒಲೆಗೆ ಒಣಗಿದ ಸಿಪ್ಪೆ ತಳ್ಳುತ್ತಾ ಕೂರಬೇಕು, ತೂಕಡಿಸುವ ಹಾಗಿಲ್ಲ. ಗಾಣದ ಮೋಟರ್ ಸದ್ದಿಗೆ ಸಾಲು ಹೊಂದಿಸಿಕೊಂಡು ನಿದ್ದೆ ಓಡಿಸುತ್ತಿದ್ದ. ಅವನ ಫ್ಲೋ, ಅಂದರೆ ಸಾಲು ಹರಿಯುವ ಲಯ, ಯಾಕೆ ಹಾಗೆ ಮೂರು ಹೆಜ್ಜೆ ಓಡಿ ಒಂದು ಹೆಜ್ಜೆ ಎಳೆಯುತ್ತದೆ ಅಂತ ನನಗೆ ಅವತ್ತು ಗೊತ್ತಾಯಿತು.

ಬೀಟ್ ಎಲ್ಲಿಂದ ಬಂತು ಅಂತ ಕೇಳುವುದನ್ನು ಬಿಡಲೇಬೇಡಿ. ನಮ್ಮ ಕಡೆ ಶುರುವಿನಲ್ಲಿ ಎಲ್ಲರೂ ಯೂಟ್ಯೂಬ್‌ನಿಂದ ಟೈಪ್ ಬೀಟ್, ಅಂದರೆ ಹೆಸರಾಂತ ಹಾಡುಗಾರರ ಶೈಲಿಯಲ್ಲಿ ಯಾರೋ ಮೊದಲೇ ಮಾಡಿಟ್ಟ ಬೀಟ್, ಇಳಿಸಿಕೊಂಡವರೇ. 'ಫ್ರೀ' ಅಂತ ಬರೆದಿದ್ದರೂ ಎಷ್ಟೋ ಸಲ ಅದು ದುಡ್ಡು ಮಾಡದೇ ಇರುವ ತನಕ ಮಾತ್ರ ಫ್ರೀ. ದುಡ್ಡು ಕೊಟ್ಟು ಬಳಸುವ ಹಕ್ಕನ್ನು ಲೀಸ್ ತಗೊಂಡರೂ ಅದೇ ಬೀಟನ್ನು ಇನ್ನೂ ಹತ್ತು ಜನಕ್ಕೆ ಕೊಟ್ಟಿರಬಹುದು. ಸರಸ್ವತಿಪುರಂನ ಒಬ್ಬ ಹುಡುಗಿ ತನ್ನ ಅಜ್ಜಿ ಮೇಲೆ ಬರೆದ ಹಾಡಿನ ಬೀಟನ್ನು ಆರು ತಿಂಗಳ ಮೇಲೆ ಜಿಮ್‌ನಲ್ಲಿ ಕೇಳಿದಳಂತೆ, ಯಾರೋ ಅದರ ಮೇಲೆ ಕಾರು, ಬಂಗಾರದ ಸರ ಅಂತ ಹಿಂದಿಯಲ್ಲಿ ಹಾಡಿದ್ದಾರೆ. ಮನೆಗೆ ಬಂದು ತನ್ನ ಹಾಡನ್ನೇ ತೆಗೆದುಬಿಟ್ಟಳು. ಕೆಲವು ಹಾಡು ಯಾಕೆ ಕಾಣೆಯಾಗುತ್ತವೆ ಅನ್ನುವುದಕ್ಕೆ ಇಂಥ ಕಾರಣಗಳೇ ಜಾಸ್ತಿ. ಅಂದ ಹಾಗೆ, ಎದೆಗೆ ಗುದ್ದುವ ಆ ಬೇಸ್ ಸದ್ದಿನ ಮೂಲ ರೋಲ್ಯಾಂಡ್ ಟಿಆರ್-808 ಯಂತ್ರ. 1980ರಲ್ಲಿ ಬಂತು, 1983ರಲ್ಲಿ ಕಂಪನಿ ತಯಾರಿಕೆ ನಿಲ್ಲಿಸಿತು. ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಕ್ಕಿದ್ದಕ್ಕೇ ಹಿಪ್ ಹಾಪ್ ಹುಡುಗರ ಕೈ ಸೇರಿತು. ಅದೂ ಒಂದು ಓಡದ ಸರಕೇ!

ದುಡ್ಡಿನ ಪ್ರಶ್ನೆಗೂ ಸಂಕೋಚ ಬೇಡ. ಮೈಕ್ ಯಾರದ್ದು, ವಿಡಿಯೋಗೆ ಎಷ್ಟಾಯಿತು, ಯಾರ ಹತ್ತಿರ ಸಾಲ ತಂದೆ. ಹಿಪ್ ಹಾಪ್ ಹುಟ್ಟಿದ ದಿನ ಅಂತ ಆಚರಿಸುತ್ತಾರಲ್ಲ, 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ರೆಕಾರ್ಡ್ ನುಡಿಸಿದ ಪಾರ್ಟಿ. ಅದು ನಡೆದದ್ದೇ ಅವನ ತಂಗಿಗೆ ಸ್ಕೂಲ್ ಶುರುವಾಗುವ ಮೊದಲು ಹೊಸ ಬಟ್ಟೆ ತಗೊಳ್ಳಲು ದುಡ್ಡು ಬೇಕಾಗಿತ್ತು ಅಂತ. ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಟಿಕೆಟ್. ಇಷ್ಟು ಸಣ್ಣ ವಿವರ ಉಳಿದದ್ದಕ್ಕೇ ಆ ಪಾರ್ಟಿ ಇವತ್ತಿಗೂ ಕಣ್ಣಿಗೆ ಕಟ್ಟುತ್ತದೆ.

ನೆನಪು ಕೈ ಕೊಡುತ್ತದೆ, ಅದಕ್ಕೆ ತಯಾರಿರಿ. ನಮ್ಮ ಪಾಂಡವಪುರದ ಹುಡುಗ, ಬೇಸಿಗೆಯಲ್ಲಿ ಬರೆದೆ ಅಂದ. ಗೆಳೆಯನಿಗೆ ಕಳಿಸಿದ ಮೊದಲ ಡೆಮೊ ಹುಡುಕಿ ಅಂದೆ. ಆಂಡ್ರಾಯ್ಡ್ ಫೋನ್‌ಗೆ ವಾಟ್ಸಾಪ್‌ನಲ್ಲಿ ಬಂದ ಆಡಿಯೋ ಫೈಲಿನ ಹೆಸರಿನಲ್ಲೇ ಸಾಮಾನ್ಯವಾಗಿ ವರ್ಷ, ತಿಂಗಳು, ದಿನ ಇರುತ್ತದೆ. ನೋಡಿದರೆ ನವೆಂಬರ್. ಆದರೆ ಒಂದು ಎಚ್ಚರಿಕೆ, ಅದು ಫೈಲ್ ಬಂದ ದಿನ, ಹಾಡಿದ ದಿನ ಆಗಬೇಕಾಗಿಲ್ಲ. ತಪ್ಪು ಸಿಕ್ಕಿತು ಅಂತ ಪೊಲೀಸನ ಹಾಗೆ ಮೇಲೆ ಬೀಳಬೇಡಿ. "ನವೆಂಬರ್ ಅಂತ ತೋರಿಸ್ತಿದೆಯಲ್ಲ, ಚಳಿ ಇತ್ತಾ?" ಅಂತ ಕೇಳಿ. ಇತ್ತು ಅಂದ, ಆಲೆಮನೆ ಒಲೆ ಮುಂದೆ ಬೆಚ್ಚಗಿತ್ತು ಅನ್ನುವುದೂ ಆಗ ನೆನಪಾಯಿತು. ಬೇಸಿಗೆ ಅಂದುಕೊಂಡದ್ದು ಆ ಒಲೆಯ ಕಾವಿಗೇ ಇರಬೇಕು.

ಹಾಡಿನಲ್ಲಿ ಬೇರೆಯವರು ಬರುತ್ತಾರೆ. ಅವತ್ತು ಇವನು ಹಾಡಿನಲ್ಲಿ ಯಾರನ್ನು ಬೈದು ಡಿಸ್ ಮಾಡಿದ್ದನೋ ಅವನ ಮದುವೆಗೆ ಇವತ್ತು ಇವನೇ ಶಾಮಿಯಾನ ಹಾಕಿಸಿರುತ್ತಾನೆ. ಅವನ ಹೆಸರು ಹಾಕಬೇಡಿ. ಹಳೆಯ ಹುಡುಗಿಯ ಹೆಸರಂತೂ ಬೇಡವೇ ಬೇಡ, ಆಕೆಯ ಕಾಲೇಜು, ಏರಿಯಾ ಕೂಡ ಬೇಡ, ಮೈಸೂರು ಸಣ್ಣ ಊರು, ಎರಡು ಸುಳಿವು ಸಿಕ್ಕರೆ ಜನ ಮೂರನೆಯದ್ದನ್ನು ತಾವೇ ಹುಡುಕುತ್ತಾರೆ. "ಇದು ಬರೀಬೇಡಿ ಅಣ್ಣ" ಅಂದದ್ದನ್ನು ಬರೆಯಬೇಡಿ. ಪೂರ್ತಿ ಸಾಹಿತ್ಯ ಹಾಕುವುದಿದ್ದರೆ ಒಪ್ಪಿಗೆ ಕೇಳಿ, ಅದು ಅವರ ಸ್ವತ್ತು.

ಬರೆಯುವ ಕ್ರಮಕ್ಕೆ ಒಂದು ಒಳ್ಳೆಯ ದಾರಿ ಇದೆ. ಅಮೆರಿಕದ ಜೇ-ಜೀ 2010ರಲ್ಲಿ ತನ್ನ 36 ಹಾಡುಗಳ ಸಾಲುಗಳಿಗೆ ತಾನೇ ಟಿಪ್ಪಣಿ ಬರೆದು ಪುಸ್ತಕ ಮಾಡಿದ. ಒಂದು ಕಡೆ ಸಾಲು, ಅದರ ಕಥೆ ಪಕ್ಕದಲ್ಲಿ. ನಾನೂ ಹಾಗೇ ಮಾಡುತ್ತೇನೆ, ಆದರೆ ಎಲ್ಲ ಸಾಲಿಗೂ ಅಲ್ಲ, ಐದಾರು ಸಾಲಿಗೆ. ಉಳಿದದ್ದು ಓದುವವರ ಪಾಲಿಗೆ ಇರಲಿ. ಅವರು ಆಡಿದ ಮಾತನ್ನು ತಿದ್ದಬೇಡಿ. 'ಓಯ್ತೀನಿ'ಯನ್ನು 'ಹೋಗುತ್ತೇನೆ' ಮಾಡಿದಿರೋ, ಆ ಹುಡುಗ ಪಾತ್ರೆ ಸದ್ದಿನ ಸಮೇತ ಉಳಿಸಿಕೊಂಡದ್ದನ್ನು ನೀವು ಒಂದು ಬ್ಯಾಕ್‌ಸ್ಪೇಸ್‌ನಲ್ಲಿ ಅಳಿಸಿದ ಹಾಗೆ.

ಹಾಕುವ ಮೊದಲು ಅವರಿಗೆ ಓದಿ ಹೇಳಿ. ಫೈಲ್ ಕಳಿಸಿದರೆ ಯಾರೂ ಓದುವುದಿಲ್ಲ, "ಸೂಪರ್ ಅಣ್ಣ" ಅಂತ ಬರುತ್ತದೆ. ಫೋನ್ ಮಾಡಿ ಓದಿ. ರೆಕಾರ್ಡಿಂಗಿನ ಒಂದು ಕಾಪಿ ಅವರಿಗೂ ಕೊಡಿ, ಜೊತೆಗೆ ಹಾಡಿನ ಮೂಲ ಫೈಲ್ ಇದೆಯಾ ಅಂತ ವಿಚಾರಿಸಿ. ಪಾಂಡವಪುರದವನ ಹತ್ತಿರ ಇರಲಿಲ್ಲ. ಡಿಸ್‌ಪ್ಲೇ ಒಡೆದ ಹಳೆಯ ಫೋನ್‌ನಲ್ಲಿ ಇರಬಹುದು, ಅದು ಅವ್ವನ ಟ್ರಂಕಿನಲ್ಲಿದೆ ಅಂದ. ಓದಿ ಹೇಳಲು ಫೋನ್ ಮಾಡಿದ ರಾತ್ರಿ ಅದನ್ನು ತೆಗೆಸಿ ಚಾರ್ಜಿಗೆ ಹಾಕಿದ್ದಾನೆ, ಅರ್ಧ ಗಂಟೆ ಆದ ಮೇಲೆ ಆನ್ ಆಯಿತು. ಎರಡು ಟೇಕೂ ಇವೆ. ಕ್ಲೀನ್ ಟೇಕನ್ನು ನನಗೆ ಕಳಿಸಿ ಕೆಳಗೆ ಬರೆದ: "ಕೇಳಿ, ಆದ್ರೆ ಯಾರಿಗೂ ಕೊಡ್ಬೇಡಿ."